ಒಂದು ಊಟದ ಪಾರ್ಸಲ್

“ನೂರಾ ಐವತ್ತೊಂದಲ್ಲ ವಿದ್ಯಾ... ನೂರಾ ಐವತ್ತು ಅಂತ ಬರಿ!”

ಅತ್ತೆ ಸುಮಿತ್ರಾಬಾಯಿಯ ಮಾತಿಗೆ ಲ್ಯಾಪ್‌ಟಾಪಿನ ಮೇಲಿದ್ದ ವಿದ್ಯಾವತಿಯ ಬೆರಳುಗಳು ಅಲ್ಲೇ ನಿಂತವು. ಮೈದುನ ಸಂಜುಕುಮಾರನ ನಿಶ್ಚಯ ಕಲಬುರಗಿಯ ದೊಡ್ಡ ಹೋಟೆಲಿನಲ್ಲೇ ಆಗಬೇಕೆಂದು ಹೈದರಾಬಾದಿನ ಬೀಗರು ಹಟ ಹಿಡಿದಿದ್ದರು. ಹಾಲ್ ಖಾಲಿ ಇದೆಯೇ, ಎಷ್ಟು ಮಂದಿ ಹಿಡಿಯುತ್ತದೆ, ಊಟಕ್ಕೆ ಏನೇನು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಇಮೇಲ್ ಬರೆದು ಕೇಳಬೇಕಂತೆ. ಅದರ ಪ್ರತಿ ಬೀಗರಿಗೂ ಹೋಗಬೇಕು. ಪಿಯುಸಿಗೇ ಓದು ಬಿಟ್ಟು ಸಿಮೆಂಟಿನ ಅಂಗಡಿ ಹಾಕಿದ್ದ ಸಂಜುವಿಗೆ, ಒಂದಕ್ಷರ ತಪ್ಪಿದರೂ ಮರ್ಯಾದೆ ಹೋಗುತ್ತದೆಂಬ ದಿಗಿಲು. ಅಫಜಲಪುರದ ಆ ಮನೆಯಲ್ಲಿ ಇಂಗ್ಲಿಷ್ ಬಲ್ಲವಳೆಂದರೆ, ಅತನೂರಿನ ಹೈಸ್ಕೂಲಿನಲ್ಲಿ ಅದನ್ನೇ ಕಲಿಸುವ ಹಿರಿಯ ಸೊಸೆ ವಿದ್ಯಾವತಿ ಒಬ್ಬಳೇ.

“ನೀವೇ ಮನಿಮನಿ ಹೆಸರು ಹೇಳಿ ಎಣಿಸೀರಲ್ರಿ ಅತ್ತಿ. ಈಗ ಬಿಟ್ಟಿದ್ದು ಯಾರನ್ನ?”

ಸುಮಿತ್ರಾಬಾಯಿ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದವರು ತಲೆಯೆತ್ತಲಿಲ್ಲ. “ನಾ ಎಣಿಸಿದ್ದು ನೂರಾ ಐವತ್ತು. ಮ್ಯಾಲಿನ ಒಂದು ನೀನೇ ಕೂಡಿಸ್ಕೊಂಡೀದಿ. ಹೆಣ್ಣಿಗೆ ಮೊದಲ ಉಡಿ ತುಂಬಬೇಕಾದಾಕಿ ಮನಿ ಹಿರಿ ಸೊಸಿ. ನೀ ಅಲ್ಲಿದ್ರ ಎಲ್ಲಾರೂ ನಿನ್ನ ಮಾರೀನೇ ನೋಡ್ತಾರ. ಗಂಡ ಸತ್ತಾಕಿ ಉಡಿ ತುಂಬಿದ್ರ ಅಪಶಕುನ, ತುಂಬದಿದ್ರ ಮಂದಿ ಕೇಳ್ತಾರ. ಸುಮ್ಮ ಮನ್ಯಾಗ ಇದ್ದುಬಿಡು.”

ಅಯ್ಯೋ... ತನ್ನನ್ನು ತಾನು ಎಣಿಸಿಕೊಂಡದ್ದೂ ತಪ್ಪಾಯಿತೇ! ಗಂಡ ಸುನೀಲಕುಮಾರ ತೀರಿಕೊಂಡು ಹದಿಮೂರು ವರ್ಷ. ತವರಿನವರು ಅವಳನ್ನು ಕರೆದೊಯ್ಯಲು ಬಂದಾಗ, ಹದಿನಾಲ್ಕರ ಸಂಜು ಸೆರಗು ಹಿಡಿದು, “ನೀವೂ ಹೋದ್ರ ನಾ ಯಾರ ಕೈಯಾಗ ಉಣ್ಲಿ ವೈನಿ?” ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದ. ಆ ಒಂದು ಮಾತಿಗೆ ಕಟ್ಟಿಕೊಂಡಿದ್ದ ಗಂಟು ಬಿಚ್ಚಿಟ್ಟು ನಿಂತವಳು ಅವಳು. ಅವನ ನಿಶ್ಚಯಕ್ಕೆಂದು ಹಸಿರು ಇಳಕಲ್ ಸೀರೆ ತಂದು, ಯಾರಿಗೂ ಹೇಳದೆ ಟ್ರಂಕಿನಲ್ಲಿ ಇಟ್ಟಿದ್ದಳು.

ಅವಳು ಮಾವನ ಕಡೆ ತಿರುಗಿದಳು. ಬಸವ ಜಯಂತಿಯ ದಿನ ವೇದಿಕೆ ಹತ್ತಿ, “ಲಿಂಗ ಕಟ್ಟಿದ ಮ್ಯಾಲ ವಿಧವಿ ಅನ್ನೋ ಮಾತೇ ಇಲ್ರಿ!” ಎಂದು ಮೈಕು ನಡುಗುವ ಹಾಗೆ ಗುಡುಗುವ ದೌಲತರಾಯರು, ಈಗ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದರು.

“ಮಾವಾರ, ನೀವಾದ್ರೂ ಹೇಳ್ರಿ...”

“ಹೆಣ್ಮಕ್ಕಳ ಮಾತಿನಾಗ ನಾ ಬರಂಗಿಲ್ಲ ತಾಯಿ,” ಎಂದರು ಪೇಪರಿನ ಹಿಂದಿನಿಂದ. ಎಂಥ ಶರಣರು ನೋಡಿ!

ಅಲ್ಲೇ ಕೂತಿದ್ದ ಸಂಜು ಅತ್ತಿತ್ತ ನೋಡಿದ. ಆಮೇಲೆ ಅವನ ಮುಖ ಅರಳಿತು. “ಹಿಂಗ ಮಾಡ್ರಿ ವೈನಿ. ಕಡೀಗೆ ಒಂದು ಸಾಲು ಹಾಕ್ರಿ. ಬರಲಾಗದ ಒಬ್ಬರಿಗೆ ಒಂದು ಊಟ ಪಾರ್ಸಲ್ ಕಟ್ಟಿಕೊಡ್ರಿ ಅಂತ. ನಾನೇ ತಂದು ಕೊಡ್ತೇನಿ ನಿಮಗ, ಬಿಸಿಬಿಸಿ!”

ಕಲಬುರಗಿಯಿಂದ ಅಫಜಲಪುರಕ್ಕೆ ಬಿಸಿಬಿಸಿ ತರುತ್ತಾನಂತೆ ಪುಣ್ಯಾತ್ಮ! ಅವಳ ಕೈತುತ್ತು ತಿಂದು ಬೆಳೆದವನು ತೀರಿಸುತ್ತಿದ್ದ ಋಣ ಇದು. ಅವನ ಕಣ್ಣಿನಲ್ಲಿ ಕಪಟ ಇರಲಿಲ್ಲ, ಅದೇ ಅವಳ ಎದೆಗೆ ಚುಚ್ಚಿತು. ಅವಳು ಆ ಸಾಲನ್ನೂ ಬರೆದು ಕಳಿಸಿದಳು.

ಮರುದಿನ ಭಾನುವಾರ, ಮಧ್ಯಾಹ್ನ ಉತ್ತರ ಬಂತು. ಎಲ್ಲರೂ ಪಡಸಾಲೆಯಲ್ಲಿ ಕೂತರು. ವಿದ್ಯಾವತಿ ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳುತ್ತಾ ಹೋದಳು. ಹಾಲ್ ಖಾಲಿ ಇತ್ತು, ಜೋಳದ ರೊಟ್ಟಿಯನ್ನೂ ಮಾಡಿಕೊಡುತ್ತಿದ್ದರು. ಕೊನೆಯ ಸಾಲುಗಳನ್ನು ಮೊದಲು ತಾನೊಬ್ಬಳೇ ಓದಿಕೊಂಡು, ಆಮೇಲೆ ಎಲ್ಲರಿಗೂ ಓದಿದಳು.

“‘ಪಾರ್ಸಲ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಕ್ಷಮಿಸಿ. ತಾವು ತಿಳಿಸಿದ ಆ ಒಬ್ಬರನ್ನು ದಯವಿಟ್ಟು ಕರೆದುಕೊಂಡೇ ಬನ್ನಿ. ಅವರಿಗೆ ನಡೆಯಲು ಆಗದಿದ್ದರೆ ಗಾಲಿಕುರ್ಚಿ ಇದೆ. ಮುಂದಿನ ಸಾಲಿನಲ್ಲಿ ಜಾಗ ಕಾದಿರಿಸುತ್ತೇವೆ. ಅವರು ನಮ್ಮ ಅತಿಥಿ...’ ಹಿಂಗ ಬರದಾರ್ರಿ.”

ಯಾರೋ ಕಂಡರಿಯದವರು ಬರೆದ ಮಾತು! ವಿದ್ಯಾವತಿ ಸಂಜುವಿನ ಮುಖವನ್ನೇ ನೋಡಿದಳು. ‘ಬರ್ರಿ ವೈನಿ’ ಎಂದು ಅವನು ಒಂದೇ ಒಂದು ಸಲ ಅಂದಿದ್ದರೆ ಸಾಕಿತ್ತು, ಅವಳು ಬಾಗಿಲ ಮರೆಯಲ್ಲಾದರೂ ನಿಂತು ನೋಡಿ ಬರುತ್ತಿದ್ದಳು.

“ಪಾರ್ಸಲ್ ಬ್ಯಾಡಂತ ಬರಿ,” ಎಂದರು ಸುಮಿತ್ರಾಬಾಯಿ. “ಅದಕ್ಕ್ಯಾಕ ಇಷ್ಟುದ್ದ ಓದಾಕತ್ತೀದಿ?”

ಸಂಜು ಥಟ್ಟನೆ ಎದ್ದು ನಿಂತ. “ತಡೀರಿ! ಈ ಮೇಲ್ ಬೀಗರಿಗೂ ಹೋಗೇದಲ್ರಿ? ಆ ಒಬ್ಬರು ಯಾರಂತ ಅವರು ಕೇಳಿದ್ರ? ವೈನಿ... ಮನಿ ಕೆಲಸದಾಕಿ ಅಂತ ಬರೆದುಬಿಡ್ರಿ. ಬರೇ ಬರಿಯೋದಕ್ಕಷ್ಟೇ ರೀ!”

ದೌಲತರಾಯರ ಪೇಪರು ಅಲುಗಲಿಲ್ಲ. ವಿದ್ಯಾವತಿಗೆ ಅಳು ಬರಲಿಲ್ಲ. ಅವಳು ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡು ಇಂಗ್ಲಿಷಿನಲ್ಲಿ ನಿಧಾನವಾಗಿ ಬರೆದಳು. ‘ತಾವು ತೋರಿದ ಮರ್ಯಾದೆಗೆ ನಾನು ಋಣಿ. ಪಾರ್ಸಲ್ ಬೇಡ. ಆ ಒಬ್ಬರು ಈ ಮನೆಯ ಹಿರಿಯ ಸೊಸೆ. ಅವರು ಇನ್ನು ಮುಂದೆ ಈ ಮನೆಯಲ್ಲಿ ಇರುವುದಿಲ್ಲ.’

“ತಪ್ಪು ಇಲ್ಲಲ್ರಿ ವೈನಿ?”

“ಒಂದಕ್ಷರನೂ ತಪ್ಪಿಲ್ಲಪಾ. ನೀನೇ ಕಳಸು.”

ಸಂಜು ಓದಲಿಲ್ಲ. ನಿರಾಳವಾಗಿ ನಕ್ಕು ಬೆರಳು ಒತ್ತಿದ.

ಮರುದಿನ ಮುಂಜಾನೆ ವಿದ್ಯಾವತಿ ಎಂದಿನಂತೆ ಅತನೂರಿನ ಬಸ್ಸು ಹತ್ತಿದಳು. ಕೈಯಲ್ಲಿ ಟ್ರಂಕು ಇತ್ತು. ಸಂಜೆ ಬಸ್ಸು ಮರಳಿ ಬಂತು, ಅವಳು ಬರಲಿಲ್ಲ.