ಬಾಟಲಿ ಕಟ್ಟುವ ಗೂಟ

೧೯೯೧ರ ಅಕ್ಟೋಬರ್ ೧೨, ಶನಿವಾರ. ಬೆಳಿಗ್ಗೆ ಏಳಕ್ಕೆ ನರ್ಸ್ ಮಗ್ದಲೀನ್ ಕುವೈತಿನ ಠಾಣೆಯೊಂದಕ್ಕೆ ಬಂದು ದೂರು ಕೊಟ್ಟಳು. ನಿನ್ನೆ ರಜೆಯೆಂದು ಮೀನು ಹಿಡಿಯಲು ಹೋದ ಗಂಡ ಕಜೆಟನ್ ಮನೆಗೆ ಮರಳಿರಲಿಲ್ಲ. ಇನ್‌ಸ್ಪೆಕ್ಟರ್ ಜಾಸಿಮ್‌ಗೆ ಕನ್ನಡ ಬಾರದು. ಮಂಗಳೂರಿನ ಬ್ಯಾರಿ ತಾಹಿರ್ ಠಾಣೆಯ ದುಭಾಷಿ; ಪ್ರಶ್ನೆಗಳೆಲ್ಲ ಅವನ ಬಾಯಿಂದಲೇ ಬಂದವು.

"ಎಲ್ಲಿಗೆ ಹೋದದ್ದು?"

"ವಫ್ರಾ ರಸ್ತೆಯಿಂದ ಆಚೆ, ಸಮುದ್ರದ ಬದಿಯ ಉಪ್ಪುನೀರಿನ ಕೆರೆಗೆ."

"ಅಲ್ಲೆಲ್ಲ ಇರಾಕಿಗಳು ಬಾಂಬು ಹುಗಿದಿದ್ದಾರಲ್ಲ ಅಕ್ಕಾ!"

"ನೀರು ಪರೀಕ್ಷೆ ಮಾಡುವ ಗುರುಕಿರಣ್ ಸಾರು ಅಲ್ಲಿಗೆ ವಾರ ವಾರ ಹೋಗ್ತಾರೆ, ದಾರಿಗೆ ಎಂತ ಹೆದರಿಕೆ ಇಲ್ಲ ಅಂತ ಹೇಳಿ ಇವರು ಹೋದ್ರು."

ಎಫ್‌ಐಆರ್ ದಾಖಲಿಸಿ ಜಾಸಿಮ್ ಬಾಂಬ್ ಪತ್ತೆ ದಳದೊಂದಿಗೆ ಹೊರಟ. ಯುದ್ಧದ ಬೆಂಕಿ ಇನ್ನೂ ಆರದ ಎಣ್ಣೆಬಾವಿಗಳ ಹೊಗೆಯಿಂದ ಮಧ್ಯಾಹ್ನವೇ ಮುಸ್ಸಂಜೆಯಾಗಿತ್ತು. ಕೆರೆಯ ದಡದಲ್ಲಿ, ನೀರಂಚಿನ ಒಂದು ಮರದ ಗೂಟದ ಹತ್ತಿರ ಕಜೆಟನ್‌ನ ಹೆಣ ಸಿಕ್ಕಿತು. ಸೊಂಟದ ಕೆಳಗೆ ನೋಡುವಂತಿರಲಿಲ್ಲ.

ಪಂಚನಾಮೆ ನಡೆಯಿತು. ಗೂಟದ ಬುಡದಲ್ಲಿ ದಳದವರು ಇನ್ನೆರಡು ನೆಲಬಾಂಬ್ ತೆಗೆದರು. ಗೂಟ ನೆಟ್ಟಿದ್ದು ಯುದ್ಧಕ್ಕೂ ಮೊದಲು, ನೀರಿನ ಪರೀಕ್ಷೆಗಾಗಿ. ಕೆರೆಯ ನೀರನ್ನು ಒಂದು ಬಿಳಿ ಗಾಜಿನ ಬಾಟಲಿಗೆ, ಒಂದು ಕಪ್ಪು ಬಟ್ಟೆ ಸುತ್ತಿದ ಬಾಟಲಿಗೆ ತುಂಬಿ ಅದೇ ನೀರಿಗೆ ಇಳಿಬಿಡಬೇಕು. ಕಣ್ಣಿಗೆ ಕಾಣದ ಪಾಚಿ ಬೆಳಕಿನಲ್ಲಿ ಎಷ್ಟು ಆಮ್ಲಜನಕ ಕೊಟ್ಟಿತು, ಕತ್ತಲಲ್ಲಿ ಎಷ್ಟು ಖರ್ಚಾಯಿತು ಎಂದು ಅಳೆದರೆ ಕೆರೆ ಬದುಕಿದೆಯೋ ಸತ್ತಿದೆಯೋ ತಿಳಿಯುತ್ತದೆ. ಎಣ್ಣೆ ಬಿದ್ದ ಈ ಕೆರೆಯಲ್ಲಿ ವಾರಕ್ಕೊಮ್ಮೆ ಆ ಪರೀಕ್ಷೆ ಮಾಡಿ ಸರ್ಕಾರಕ್ಕೆ ವರದಿ ಕೊಡುವ ಕೆಲಸ ಖಾಸಗಿ ಲ್ಯಾಬೊಂದರ ಗುರುಕಿರಣ್‌ನದು.

ಜಾಸಿಮ್ ಗೂಟವನ್ನು ಮುಟ್ಟಿ ನೋಡಿದ. ಸುತ್ತಲೂ ಚಿಪ್ಪು ಬೆಳೆದಿತ್ತು. ಬಾಟಲಿಯ ಹಗ್ಗ ಉಜ್ಜಿದ ಗುರುತು ಎಲ್ಲಿಯೂ ಇಲ್ಲ.

"ವಾರ ವಾರ ಬರುವವನ ಕಾಲಿಗೆ ಈ ಮೂರರಲ್ಲಿ ಒಂದೂ ಸಿಗಲಿಲ್ಲವೇ?" ಎಂದ.

ಸಂಜೆ ನಾಲ್ಕಕ್ಕೆ ಫರ್ವಾನಿಯಾ, ಗುರುಕಿರಣ್‌ನ ಮನೆ. ಕಟ್ಟಡದ ಕಾವಲುಗಾರ ಪುತ್ತಬ್ಬ ಮೇಲಕ್ಕೆ ಕೈ ತೋರಿಸಿದ. "ಸಾರು ತಾರಸಿಯಲ್ಲಿದ್ದಾರೆ. ಡ್ರಮ್ಮಲ್ಲಿ ಎಂತದೋ ಬಾಟ್ಲಿ ನೇತಾಡ್ಸಿದ್ದಾರೆ. ಯಾರೂ ಮುಟ್ಟಬಾರದಂತೆ."

ತಾರಸಿಯಲ್ಲಿ ನೀಲಿ ಡ್ರಮ್ಮು. ಅದರ ಮೇಲೊಂದು ಕೋಲು, ಕೋಲಿಗೆ ಬಿಳಿಯದೊಂದು, ಕಪ್ಪಿನದೊಂದು ಬಾಟಲಿ. ಎಷ್ಟು ಅಚ್ಚುಕಟ್ಟು! ಆರು ತಿಂಗಳಿಂದ ಸರ್ಕಾರ ಕೆರೆಯೆಂದು ನಂಬಿದ್ದು ಈ ಡ್ರಮ್ಮನ್ನು.

"ನೀರು ಎಲ್ಲಿಂದ?"

"ಊರೊಳಗಿನ ಬೀಚಿಂದ ಸಾರ್. ಅಲ್ಲಿ ಬಾಂಬ್ ತೆಗ್ದಿದಾರೆ."

"ಕೆರೆಗೆ ಎಷ್ಟು ಸಲ ಹೋಗಿದ್ದೀರಿ?"

"ಯುದ್ಧ ಆದ್ಮೇಲೆ ಒಂದ್ ಸಲಾನೂ ಇಲ್ಲ."

ಸುಳ್ಳು ವರದಿ ಮತ್ತು ಸಾವಿಗೆ ಕಾರಣವಾದ ನಿರ್ಲಕ್ಷ್ಯದ ಮೇಲೆ ಗುರುಕಿರಣ್‌ನನ್ನು ಬಂಧಿಸಲಾಯಿತು. ಏಪ್ರಿಲ್‌ನಲ್ಲಿ ಬೇರೊಂದು ದಡದಲ್ಲಿ ಜೊತೆಗಾರ ರಾಜೀವ್‌ನ ಕಾಲು ಹಾರಿಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮರುದಿನವೇ ಕಫೀಲ್, ಅಂದರೆ ಅವನನ್ನು ಕೆಲಸಕ್ಕೆ ಕರೆಸಿಕೊಂಡ ಧಣಿ, ಹೇಳಿದ್ದ: ಕೆರೆಗೆ ಹೋಗದವನ ಇಕಾಮಾ ಖಲಾಸ್, ದೇಶದಲ್ಲಿರುವ ಪರವಾನಗಿ ರದ್ದು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಅವನು ತಾರಸಿ ಹತ್ತಿದ. ಹೆದರಿದ್ದು ತಪ್ಪೆಂದು ಆ ವರ್ಷ ಕುವೈತಿನಲ್ಲಿದ್ದ ಯಾರೂ ಹೇಳಲಾರರು.

ಗಂಡನ ಸಾವಿನ ಸುದ್ದಿ ತಿಳಿದ ಮೇಲೂ ಮಗ್ದಲೀನ್ ಠಾಣೆಯಲ್ಲೇ ಕುಳಿತಿದ್ದಳು. ಗುರುಕಿರಣ್‌ನನ್ನು ಕಂಡು ಎದ್ದಳು.

"ದಾರಿ ಹೇಗುಂಟು ಅಂತ ನಮ್ಮ ಇವರು ನಿಮ್ಮ ಹತ್ರ ಕೇಳಿದ್ರಾ ಸಾರ್?"

"ಕೇಳಿದ್ರು."

"ಹೋಗ್ಬೇಡಿ ಅಂತ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

ಗುರುಕಿರಣ್ ನೆಲ ನೋಡಿದ. "ಹೋಗ್ಬೇಡಿ ಅಂದಿದ್ರೆ... ನಾನು ಹೋಗ್ತಿಲ್ಲ ಅಂತ ಅವ್ರಿಗೆ ಗೊತ್ತಾಗ್ಬಿಡ್ತಿತ್ತು."

ಜಾಸಿಮ್ ಪೆನ್ನು ಹಿಡಿದು, ಏನಂದ ಎಂದು ಕೇಳಿದ. ತಾಹಿರ್ ಅದನ್ನು ಅರಬ್ಬಿಯಲ್ಲಿ ಒಂದೊಂದೇ ಪದವಾಗಿ ಬರೆಸಿದ.