ಒಂದು ಬೆರಳು ಕಿರಿದಾದ ಗಾಳಿಕೊಳವೆ

ಹನ್ನೊಂದನೇ ತಾರೀಕು ಬೆಳಿಗ್ಗೆ 9.10ಕ್ಕೆ ರೇಸ್ ತಂಡದ ಮ್ಯಾನೇಜರು ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಮಧ್ಯಾಹ್ನ ಪರೀಕ್ಷಾ ಓಟದಲ್ಲಿ ಹೊಸ ಕಾರು ತಿರುವಿನಲ್ಲಿ ಬ್ರೇಕ್ ಹಿಡಿಯದೆ ಗೋಡೆಗೆ ಬಡಿದಿತ್ತು. ಚಾಲಕನ ಎರಡೂ ಕಾಲು ಮುರಿದಿದ್ದವು. ಬಲಗಡೆಯ ಮುಂದಿನ ಚಕ್ರದ ಬ್ರೇಕು ಕೆಂಡವಾಗಿ ಸುಟ್ಟುಹೋಗಿತ್ತು. ಯಾರೋ ಕೈಯಾಡಿಸಿದ್ದಾರೆ ಎಂಬುದು ದೂರು.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್‌ಸ್ಪೆಕ್ಟರ್ ಕೇಳಿದರು.

ಮ್ಯಾನೇಜರು ದನಿ ತಗ್ಗಿಸಿದರು. "ಮನುಷ್ಯರ ಮೇಲೆ ಇಲ್ಲ ಸಾರ್. ಮೂರು ದಿನದಿಂದ ಈ ಕಾರು ಕೂಗ್ತಿತ್ತು. ಹೋದ ವರ್ಷ ತೀರಿಕೊಂಡ ನಮ್ಮ ಚಾಲಕನ ಕಾರೂ ಥೇಟ್ ಹೀಗೇ ಕೂಗ್ತಿತ್ತು. ಅದನ್ನ ಗುಜರಿಗೆ ಹಾಕಿ ಎಷ್ಟೋ ತಿಂಗಳಾಯ್ತು."

ಆ ಸಾವಿನ ಕಡತ ಇನ್‌ಸ್ಪೆಕ್ಟರಿಗೆ ನೆನಪಿತ್ತು. ಚಾಲಕನ ಅಜಾಗರೂಕತೆ ಎಂದು ಮುಚ್ಚಿದ್ದವರು ಅವರೇ.

"ದೆವ್ವಕ್ಕೆ ಯಾವ ಕಲಂ ಹಾಕೋದು ಸಾರ್?" ಎಂದ, ಎಲ್ಲರೂ ಮೀಸೆ ಎಂದು ಕರೆಯುವ ಹೆಡ್ ಕಾನ್‌ಸ್ಟೇಬಲ್.

"ಅಪರಿಚಿತ ವ್ಯಕ್ತಿ ಅಂತ ಬರೀರಿ."

ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಶೆಡ್ಡಿನಲ್ಲಿ ಪಂಚನಾಮೆ. ಕಾರಿನ ಎಡಮಗ್ಗುಲು ನಜ್ಜುಗುಜ್ಜಾಗಿತ್ತು, ಬಲಮಗ್ಗುಲು ನೆಟ್ಟಗಿತ್ತು. ಚಕ್ರದ ಒಳಬದಿಯಲ್ಲಿ ಒಂದು ಕಪ್ಪು ಕೊಳವೆಯ ಬಾಯಿ.

"ಬ್ರೇಕಿಗೆ ಉಸಿರು ಇದೇ ಸಾರ್," ಎಂದ ಹಿರಿಯ ಮೆಕ್ಯಾನಿಕ್. "ಓಡುವಾಗ ಗಾಳಿ ಇಲ್ಲಿ ನುಗ್ಗಿ ತಣ್ಣಗೆ ಮಾಡುತ್ತೆ. ಬಾಯಿ ದೊಡ್ಡದಾದ್ರೆ ಗಾಳಿ ತಡೆದು ವೇಗ ಕಮ್ಮಿ ಆಗುತ್ತೆ. ಚಿಕ್ಕದಾದ್ರೆ ಬ್ರೇಕು ಬೇಯುತ್ತೆ."

"ಕೂಗಿದ್ದು ಎಲ್ಲಿ?"

"ಗಾಳಿಸುರಂಗದಲ್ಲಿ. ಅಲ್ಲೇ ಕೇಳಿಸ್ತೀನಿ ಬನ್ನಿ."

ಉದ್ದನೆಯ ಬಿಳಿ ಕೋಣೆಯಲ್ಲಿ ಕಾರನ್ನು ನಿಲ್ಲಿಸಿದರು. ಕೆಲಸಗಾರರು ಗಾಜಿನಾಚೆ ಗುಂಪುಗೂಡಿದರು. ಗೋಡೆಯಷ್ಟೆತ್ತರದ ಫ್ಯಾನು ತಿರುಗತೊಡಗಿತು. ಗಾಳಿ ಏರುತ್ತಿದ್ದಂತೆ ಕಾರಿನೊಳಗಿಂದ ನರಳಾಟದಂಥ ಸದ್ದು ಹೊರಟಿತು. ಮೊದಲು ಗಂಟಲಲ್ಲೇ ಸಿಕ್ಕಿಕೊಂಡಂತೆ, ಆಮೇಲೆ ಬಾಯಿ ತೆರೆದು ಅತ್ತಂತೆ. ಮೀಸೆಯ ಮೈಮೇಲೆ ಮುಳ್ಳೆದ್ದಿತು. ಮೆಕ್ಯಾನಿಕ್ ಸಣ್ಣ ನಳಿಕೆಯಿಂದ ಬಿಳಿ ಹೊಗೆ ಬಿಟ್ಟ. ಹೊಗೆಯ ಎಳೆ ಕೊಳವೆಯ ಬಾಯಿಯವರೆಗೆ ಹೋಗಿ, ಒಳಗೆ ಯಾರೋ ಅಂಗೈ ಅಡ್ಡ ಹಿಡಿದಂತೆ ತಡವರಿಸಿ, ಸುತ್ತಿ ಹಿಂದಕ್ಕೆ ಬಂತು.

ಗಾಜಿನಾಚೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು, ಒಬ್ಬ ಹೆಂಗಸಿನ ಹೊರತು. ಆಕೆ ಹಣೆಯನ್ನು ಗಾಜಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು.

ಕೊಳವೆ ಬಿಚ್ಚಿದಾಗ ಒಳಗೆ, ಕಾರಿನ ಭಾಗಗಳನ್ನು ಮಾಡುವ ಕಾರ್ಬನ್ ಬಟ್ಟೆಯದೇ ತೆಳು ಬಳೆಯೊಂದು ಅಂಟಿಕೊಂಡಿತ್ತು. ಎಷ್ಟು ನಯವೆಂದರೆ ಉಗುರಿಗೂ ಅಂಚು ಸಿಗಲಿಲ್ಲ. ಮೆಕ್ಯಾನಿಕ್ ಅಳೆದ, ಮತ್ತೊಮ್ಮೆ ಅಳೆದ.

"ಬಾಯಿ ಒಂದು ಬೆರಳು ಕಿರಿದಾಗಿದೆ. ಇದು... ಇದು ಹೋದ ವರ್ಷದ ಅಳತೆ ಸಾರ್."

"ಈ ವರ್ಷ ದೊಡ್ಡದು ಮಾಡಿದ್ದು ಯಾಕೆ?"

ಮೆಕ್ಯಾನಿಕ್ ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ನೆಲ ನೋಡಿದರು.

ಬಿಡಿಭಾಗಗಳ ಅಚ್ಚುಗಳನ್ನಿಡುವ ಕೋಣೆಯ ರಿಜಿಸ್ಟರಿನಲ್ಲಿ ಆರನೇ ತಾರೀಕು ಹೋದ ವರ್ಷದ ಕೊಳವೆಯ ಅಚ್ಚನ್ನು ಹೊರತೆಗೆದ ನಮೂದಿತ್ತು. ಪಕ್ಕದಲ್ಲಿ ದುಂಡಗಿನ ಸಹಿ, ಅಚ್ಚುಗಳ ಮೇಲೆ ಕಾರ್ಬನ್ ಬಟ್ಟೆ ಹಾಸುವವಳದು. ಗಾಜಿಗೆ ಹಣೆ ಆನಿಸಿ ನಿಂತಿದ್ದ ಅದೇ ಹೆಂಗಸು. ಸತ್ತ ಚಾಲಕ ಅವಳ ತಮ್ಮ.

ಮಧ್ಯಾಹ್ನ 3.15ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಎದುರಿನಲ್ಲಿ ವಿಚಾರಣೆ.

"ಬಳೆ ಕೂರಿಸಿದ್ದು ನೀವೇನಾ?"

"ನಾನೇ."

"ಚಾಲಕನ ಮೇಲೆ ಏನು ಹಗೆ?"

"ಅವನ ಮೇಲೆ ಯಾಕಿರುತ್ತೆ? ದಿನಾ ಅಕ್ಕಾ ಅಂತಿದ್ದ. ಬ್ರೇಕು ಬೇಯುತ್ತೆ ಅಂತ ನನ್ನ ತಮ್ಮ ಬಡಕೊಂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಸತ್ತ ಮೇಲೆ ಸದ್ದಿಲ್ಲದೆ ಬಾಯಿ ದೊಡ್ಡದು ಮಾಡಿದ್ರು. ತಪ್ಪು ಮಾತ್ರ ಅವನ ತಲೆಗೇ ಕಟ್ಟಿದ್ರು. ನೀವೂ ಸಹಿ ಹಾಕಿದ್ರಿ."

ಇನ್‌ಸ್ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು.

"ಸುರಂಗದಲ್ಲಿ ಕೂಗಿದ ಕೂಡಲೇ ಬಿಚ್ಚಿ ನೋಡ್ತಾರೆ, ಹಳೇ ಅಳತೆ ಹೊರಗೆ ಬರುತ್ತೆ ಅಂದ್ಕೊಂಡೆ. ಮೂರು ದಿನ ಕೂಗ್ತು. ದೆವ್ವ ಅಂತ ಕಿವಿ ಮುಚ್ಚಿಕೊಂಡು ಟ್ರ್ಯಾಕಿಗೆ ಇಳಿಸಿದ್ರು."

"ಅವತ್ತಾದ್ರೂ ಬಾಯಿ ಬಿಡಬಹುದಿತ್ತಲ್ಲ?"

"ಬಿಡಬಹುದಿತ್ತು. ಮ್ಯಾನೇಜರ ಬಾಗಿಲ ತನಕ ಹೋದೆ. ತಮ್ಮನದು ತಪ್ಪಲ್ಲ ಅನ್ನೋದನ್ನ ಒಂದ್ಸಲ ಕಣ್ಣಾರೆ ನೋಡಬೇಕು ಅನ್ನಿಸ್ತು. ನಿಂತುಬಿಟ್ಟೆ."

5.20ಕ್ಕೆ ಬಂಧನ. ಸಹಿ ಹಾಕಿ ಪೆನ್ನು ಹಿಂದಿರುಗಿಸುತ್ತ ಅವಳು ಕೇಳಿದಳು: "ಆಸ್ಪತ್ರೇಲಿ ಆ ಹುಡುಗನ ಹತ್ರ ಯಾರಿದ್ದಾರೆ?"

"ಅವನ ಅಕ್ಕ," ಎಂದರು ಇನ್‌ಸ್ಪೆಕ್ಟರ್. "ಹಾಸಿಗೆ ಬಿಟ್ಟು ಕದಲಿಲ್ಲವಂತೆ."

ಅವಳು ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತಳು. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

ಅಪರಾಧದ ಉದ್ದೇಶ ಎಂಬ ಕಡೆ ಇನ್‌ಸ್ಪೆಕ್ಟರ್ ಬರೆದರು: ಮೃತ ತಮ್ಮನ ಮೇಲಿನ ತಪ್ಪನ್ನು ಅಳಿಸಲು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ತಪ್ಪು ಅವನದಾಗಿರಲಿಲ್ಲ.