ನಾಲ್ಕನೇ ಮೊಳೆ

"ನನ್ನಲ್ಲಿ ಏನ್ ಕಮ್ಮಿ ಇತ್ತು ಅಂತ ಬ್ಯಾಡ ಅಂದ್ರಿ?"

ಆತಗೂರಿನ ಆ ಮನೆಯ ಹೊಸ್ತಿಲಲ್ಲೇ ನಿಂತು ತೇಜು ಕೇಳಿಬಿಟ್ಟಳು. ಎಂಟು ದಿನದ ಹಿಂದೆ ಹೆಣ್ಣು ನೋಡಲು ಬಂದಾಗ ಕಣ್ಣು ಕೀಳದೆ ನೋಡಿದ್ದ ಲಿಂಗರಾಜು ಈಗ ತಲೆ ಎತ್ತಲೇ ಇಲ್ಲ.

"ನಿಮ್ದೇನೂ ತಪ್ಪಿಲ್ಲ ಕಣ್ರೀ... ಓಗಿ, ಬಸ್ಸು ತಪ್ಪೋಯ್ತದೆ."

ಹೋಗುವುದಂತೆ! ಮದ್ದೂರಿನ ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಜನರ ರಕ್ತ ತೆಗೆಯುವ ಹುಡುಗಿ ಇಷ್ಟಕ್ಕೆಲ್ಲ ಹಿಂದೆ ಸರಿಯುವವಳಲ್ಲ. ನೇರ ಒಳಗೆ ಬಂದಳು.

ಆಗ ಗೋಡೆ ಕಂಡಿತು. ಹಾರ ಹಾಕಿದ ಮೂರು ಫೋಟೋ. ತಾತ, ಚಿಕ್ಕಪ್ಪ, ಅಪ್ಪ. ಯಾರ ತಲೆಯಲ್ಲೂ ಒಂದು ಬಿಳಿ ಕೂದಲಿಲ್ಲ. ಪಕ್ಕದಲ್ಲಿ ಒಂದು ಖಾಲಿ ಮೊಳೆ.

"ಮೂವರ್ಗೂ ಆರ್ಟ್ ಅಟ್ಯಾಕು. ಒಬ್ರೂ ನಲವತ್ತೈದು ದಾಟ್ನಿಲ್ಲ. ಅಪ್ಪನ ಫೋಟೋ ಆಕೋ ದಿನ ಎಲ್ಡು ಮೊಳೆ ಒಡ್ದೆ. ಒಂದು ಅಪ್ಪಂಗೆ... ಇನ್ನೊಂದು ನಂಗೆ. ಇಷ್ಟಪಟ್ಟೋಳ್ ಅಣೆ ಕುಂಕುಮ ನಾನೇ ಅಳಿಸ್ಲಾ?"

ಅಯ್ಯೋ, ಇದಕ್ಕಾ ಬೇಡ ಅಂದದ್ದು! ತೇಜುವಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

"ಮತ್ತೆ ಆವತ್ತು ನಿಮ್ ಜೊತೆ ನಮ್ಮನೇಗೆ ಬಂದಿದ್ರಲ್ಲ, ಕಿರುಗಾವಲಿನ ನಿಮ್ ನಾಗಯ್ಯ ದೊಡ್ಡಪ್ಪ?"

"ಅವ್ರು ಮನೆಯಳಿಯ ಆಗಿ ಓಗ್ಬುಟ್ಟೋರು. ಈ ಮನೆ ಲೆಕ್ಕುಕ್ಕೆ ಬರಾಕಿಲ್ಲ."

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವುದನ್ನು ಕೇಳಿದ್ದೇವೆ. ಇವರು ಹೋದ ಗಂಡನ್ನೂ ಹೊರಗಿಟ್ಟಿದ್ದರು!

"ನಿಮ್ಮಪ್ಪನ ಒಡಹುಟ್ಟಿದೋರು ತಾನೆ? ಅರವತ್ತೆರಡಾಯ್ತು! ಅವ್ರ ರಕ್ತದಲ್ಲೂ ಕೊಬ್ಬು ಐತಂತೆ, ಮೊನ್ನೆ ಅವ್ರೇ ಏಳುದ್ರು. ಮಾತ್ರೆ ನುಂಗ್ತಾರೆ, ದಿನಾ ನಡೀತಾರೆ, ಬೀಡಿ ಮುಟ್ಟಾಕಿಲ್ಲ. ಈ ಮೂವರು?"

"...ಕಟ್ಟುಗಟ್ಲೆ ಸೇದೋರು."

ಅವನ ಕೈ ತಾನಾಗಿಯೇ ಅಂಗಿಯ ಜೇಬು ಮುಚ್ಚಿತು. ತೇಜು ಅದನ್ನು ಕಂಡಳು.

"ರಕ್ತದಲ್ಲಿ ಬಂದಿದ್ದು ಓಗಲ್ಲ ಕಣ್ರೀ. ಅದುಕ್ಕೆ ಬೀಡಿ ಬೆಂಕಿ ಕೊಡೋದಾದ್ರೂ ನಿಲ್ಸಬೋದಲ್ಲ!"

"ನಿಲ್ಸುದ್ ಮ್ಯಾಲೂ... ಆ ದಿನ ಬಂದ್ರೆ?"

ಯಾವ ಲ್ಯಾಬಿನ ರಿಪೋರ್ಟಿನಲ್ಲೂ ಆ ದಿನವನ್ನು ಬರೆದಿರುವುದಿಲ್ಲ. ಗೋಡೆಯ ಮೂವರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಭಯವಾಯಿತು... ಆದರೂ ಕೈ ಚಾಚಿದಳು.

ಅವನು ಜೇಬಿನ ಬೀಡಿ ಕಟ್ಟನ್ನು ಅವಳ ಅಂಗೈಯಲ್ಲಿಟ್ಟ. ಅವಳು ಕಟ್ಟಿನ ಜೊತೆ ಅವನ ಬೆರಳುಗಳನ್ನೂ ಬಿಡದೆ ಹಿಡಿದುಕೊಂಡಳು.

ಆಮೇಲೆ ಹೆಗಲ ಬ್ಯಾಗು ತೆಗೆದು ಆ ನಾಲ್ಕನೇ ಮೊಳೆಗೆ ನೇತುಹಾಕಿದಳು.

"ತೇಜೂ... ಬಸ್ಸು ಓಯ್ತದೆ ಕಣೆ."

"ಓಗ್ಲಿ ಬುಡಿ."